ಎದುರು ಸಾಲಿನಿಂದ ಒಂದು ಪ್ರಶ್ನೆ

ನಾನು ವಿಜ್ಞಾನ ಪಾಠ ಹೇಳುವ ಹೈಸ್ಕೂಲು ಕೂಡ್ಲಿಗಿ-ಕೊಟ್ಟೂರು ಸೀಮೆಯ ಒಂದು ಹಳ್ಳಿಯಲ್ಲಿದೆ. ಎಂಟು ವರ್ಷಗಳ ಹಿಂದೆ, ಜುಲೈ ತಿಂಗಳ ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿದು ಮಕ್ಕಳು ತರಗತಿಗೆ ಹೋಗುತ್ತಿದ್ದಾಗ ಒಬ್ಬ ತಂದೆ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. ಹೆಗಲ ಮೇಲೆ ಟವೆಲ್ಲು, ಕಾಲಲ್ಲಿ ಹೊಲದ ಮಣ್ಣು. ಶೇಂಗಾ ಬಿತ್ತನೆಯ ಕಾಲದಲ್ಲಿ ರೈತ ಶಾಲೆಗೆ ಬಂದಿದ್ದಾನೆಂದರೆ ವಿಷಯ ಸಣ್ಣದಲ್ಲ ಎಂದುಕೊಂಡೆ.

"ಸಾರ್, ನಮ್ಮ ಹುಡುಗಿ ಸೋತ್ಲು, ಸೋತ್ಲು ಬಿಡ್ರಿ. ಅದರಾಗೇನೈತಿ. ಆದ್ರ ಸೋತ ಮ್ಯಾಲ ವಿರೋಧ ಪಕ್ಷ ಅಂತ ಯಾಕ ಹೆಸರು ಹಚ್ಚಿದ್ರಿ? ಯಾರಿಗೂ ಎದುರು ಮಾತಾಡಬ್ಯಾಡ ಅಂತ ಹೇಳಿ ಬೆಳಸೀವಿ ಅಕೀನ್ನ."

ಆಗ ನೆನಪಾಯಿತು. ಹಿಂದಿನ ದಿನ ನಮ್ಮ ಶಾಲಾ ಸಂಸತ್ತಿನ ಚುನಾವಣೆ ನಡೆದಿತ್ತು. ಮಕ್ಕಳೇ ನಾಮಪತ್ರ ಸಲ್ಲಿಸಿ, ಮಕ್ಕಳೇ ಬೆರಳಿಗೆ ಶಾಯಿ ಹಚ್ಚಿ, ಮಕ್ಕಳೇ ಎಣಿಸಿದ್ದರು. ಒಂಬತ್ತನೇ ತರಗತಿಯ ಆ ಹುಡುಗಿ ಹನ್ನೊಂದು ಮತಗಳಿಂದ ಸೋತಿದ್ದಳು. ಗೆದ್ದ ಹುಡುಗ ಪ್ರಧಾನಮಂತ್ರಿಯಾದ. ಆಹಾರ, ಆರೋಗ್ಯ, ಕ್ರೀಡೆ, ಸ್ವಚ್ಛತೆ ಎಂದು ಮಂತ್ರಿಗಳಾದರು. ಎರಡನೆಯ ಸ್ಥಾನ ಬಂದವರು ವಿರೋಧ ಪಕ್ಷದ ನಾಯಕರು ಎಂಬುದು ನಾವು ಮಾಡಿಕೊಂಡ ನಿಯಮ. ಅದನ್ನು ಕಪ್ಪು ಹಲಗೆಯ ಮೇಲೆ ದೊಡ್ಡದಾಗಿ ಬರೆದವನೂ ನಾನೇ.

ಆ ತಂದೆಯನ್ನು ಕೂರಿಸಿ, ಚಹಾ ತರಿಸಿ, ನಾನು ಅರ್ಧ ಗಂಟೆ ಮಾತನಾಡಿದೆ. ವಿರೋಧ ಪಕ್ಷವೆಂದರೆ ಬೈಗುಳವಲ್ಲ, ಅದೊಂದು ಹುದ್ದೆ. ವಿಧಾನಸಭೆಯಲ್ಲಿ ಅವರಿಗೆ ಸಂಪುಟ ದರ್ಜೆಯ ಸ್ಥಾನಮಾನವಿದೆ, ಕಾರಿದೆ, ಕಚೇರಿಯಿದೆ ಎಂದೆ. ಕಾರಿನ ಮಾತು ಬಂದಾಗ ಅವರ ಮುಖ ಸ್ವಲ್ಪ ಸಡಿಲಾಯಿತು. "ಹಂಗಾದ್ರ ಆಗ್ಲಿ ಬಿಡ್ರಿ" ಎಂದು ಹೋದರು. ಚೆನ್ನಾಗಿ ಪಾಠ ಹೇಳಿದೆನೆಂದು ನನಗೆ ಹೆಮ್ಮೆಯಾಯಿತು. ಆ ಹೆಮ್ಮೆ ಎಷ್ಟು ದಿನ ಉಳಿಯಿತೆಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಅಂದು ಆ ತಂದೆಗೆ ಹೇಳಿದ ಮತ್ತು ಹೇಳಲಾಗದೆ ಉಳಿದ ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ.

ಘರ್ಷಣೆಯ ಪಾಠ

ಎಂಟನೇ ತರಗತಿಯ ವಿಜ್ಞಾನದಲ್ಲಿ 'ಘರ್ಷಣೆ' ಎಂಬ ಪಾಠವಿದೆ. ಒಂದು ವಸ್ತು ಇನ್ನೊಂದರ ಮೇಲೆ ಚಲಿಸುವಾಗ ಆ ಚಲನೆಯನ್ನು ವಿರೋಧಿಸುವ ಬಲವೇ ಘರ್ಷಣೆ. ಪ್ರತಿ ವರ್ಷ ನಾನು ಮಕ್ಕಳನ್ನು ಕೇಳುತ್ತೇನೆ: ಘರ್ಷಣೆ ಬೇಕೋ ಬೇಡವೋ? ಮೊದಲು ಎಲ್ಲರೂ ಬೇಡವೆನ್ನುತ್ತಾರೆ. ಟೈರು ಸವೆಯುತ್ತದೆ, ಚಪ್ಪಲಿ ಸವೆಯುತ್ತದೆ, ಬಂಡಿಯ ಅಚ್ಚಿಗೆ ಎಣ್ಣೆ ಹಾಕಬೇಕಾಗುತ್ತದೆ. ಆಮೇಲೆ ನಾನು ಕೇಳುತ್ತೇನೆ: ಘರ್ಷಣೆಯೇ ಇಲ್ಲದಿದ್ದರೆ ನೀವು ಮನೆಯಿಂದ ಶಾಲೆಗೆ ನಡೆದು ಬರುವುದು ಹೇಗೆ? ಸೀಮೆಸುಣ್ಣ ಹಲಗೆಯ ಮೇಲೆ ಬರೆಯುವುದು ಹೇಗೆ? ಬ್ರೇಕು ಹಿಡಿಯುವುದು ಹೇಗೆ? ಕೊಟ್ಟೂರಿನ ತೇರು ಹೊರಟಾಗ ಸಾವಿರಾರು ಜನ ಎಳೆಯುತ್ತಾರೆ. ಆದರೆ ಗಾಲಿಯ ಪಕ್ಕದಲ್ಲಿ ಮರದ ತುಂಡು ಹಿಡಿದ ಕೆಲವೇ ಜನ ಇರುತ್ತಾರಲ್ಲ, ತೇರು ಎಲ್ಲಿ ನಿಲ್ಲಬೇಕು, ಎತ್ತ ತಿರುಗಬೇಕು ಎಂಬುದು ಅವರ ಕೈಯಲ್ಲಿದೆ. ತೇರು ನಿಲ್ಲಿಸುವವರನ್ನು ಯಾರೂ ತೇರಿನ ವೈರಿಗಳು ಎನ್ನುವುದಿಲ್ಲ.

ಕನ್ನಡದಲ್ಲಿ 'ಘರ್ಷಣೆ' ಎಂದರೆ ಜಗಳವೆಂಬ ಅರ್ಥವೂ ಇದೆ. ಪತ್ರಿಕೆಯಲ್ಲಿ 'ಎರಡು ಗುಂಪುಗಳ ನಡುವೆ ಘರ್ಷಣೆ' ಎಂದು ಓದಿದ ಮಕ್ಕಳು ವಿಜ್ಞಾನದ ಪುಸ್ತಕದಲ್ಲಿ ಅದೇ ಪದ ನೋಡಿ ನಗುತ್ತಾರೆ. ನನಗೆ ಮಾತ್ರ ಎರಡೂ ಒಂದೇ ಪಾಠವೆನಿಸಿದೆ. ಇಲ್ಲದಿದ್ದರೆ ನಡೆಯಲಾಗದು, ಮಿತಿ ಮೀರಿದರೆ ಬಿಸಿಯೇರಿ ಯಂತ್ರ ಕೆಡುತ್ತದೆ.

ಈ ಸತ್ಯವನ್ನು ರಾಜಕೀಯದಲ್ಲಿ ಕಂಡುಕೊಳ್ಳಲು ಮನುಷ್ಯರಿಗೆ ಬಹಳ ಕಾಲ ಬೇಕಾಯಿತು. ರಾಜನ ಮಾತಿಗೆ ಎದುರಾಡಿದವನು ದ್ರೋಹಿ ಎಂಬುದೇ ಎಲ್ಲ ದೇಶಗಳ ಹಳೆಯ ನ್ಯಾಯ. ಇಂಗ್ಲೆಂಡಿನ ಸಂಸತ್ತಿನಲ್ಲಿ 1826ರಲ್ಲಿ ಜಾನ್ ಹಾಬ್‌ಹೌಸ್ ಎಂಬ ಸದಸ್ಯ 'ಘನತೆವೆತ್ತ ದೊರೆಯವರ ವಿರೋಧ ಪಕ್ಷ' ಎಂಬ ಮಾತನ್ನು ಬಳಸಿದಾಗ ಸಭೆ ನಕ್ಕಿತಂತೆ. ಆ ನಗೆಯ ಮಾತೇ ಮುಂದೆ ಗಂಭೀರವಾಯಿತು. ದೊರೆಯ ಮಂತ್ರಿಗಳನ್ನು ವಿರೋಧಿಸಬಹುದು, ಆದರೂ ದೇಶಕ್ಕೆ ನಿಷ್ಠರಾಗಿರಬಹುದು ಎಂಬ ದೊಡ್ಡ ವಿಚಾರ ಆ ಪುಟ್ಟ ಮಾತಿನಲ್ಲಿತ್ತು. 1937ರಲ್ಲಿ ಬ್ರಿಟನ್ ಕಾಯಿದೆ ಮಾಡಿ ವಿರೋಧ ಪಕ್ಷದ ನಾಯಕರಿಗೆ ಸರ್ಕಾರದ ಬೊಕ್ಕಸದಿಂದಲೇ ಸಂಬಳ ಕೊಟ್ಟಿತು. ಕೆನಡಾ 1905ರಲ್ಲೇ ಹಾಗೆ ಮಾಡಿತ್ತು. ತನ್ನನ್ನು ಟೀಕಿಸುವವನಿಗೆ ತಾನೇ ಸಂಬಳ ಕೊಡುವ ವ್ಯವಸ್ಥೆ! ಆ ರೈತ ತಂದೆಗೆ ಈ ಮಾತು ಹೇಳಿದಾಗ ಅವರು ನಂಬಲೇ ಇಲ್ಲ.

ಹಲುವಾಗಲಿನಿಂದ ದೆಹಲಿಗೆ

ಇದೆಲ್ಲ ದೂರದ ಕಥೆ, ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗೂ ಇದಕ್ಕೂ ಏನು ಸಂಬಂಧ ಎಂದು ಮಕ್ಕಳು ಕೇಳಬಹುದು. ಸಂಬಂಧವಿದೆ, ಅದೂ ಹತ್ತಿರದ್ದು.

1952ರ ಮೊದಲ ಮಹಾಚುನಾವಣೆಯಲ್ಲಿ ನಮ್ಮ ಹಿರಿಯರು ಮತ ಹಾಕಿದ್ದು ಬೆಂಗಳೂರಿನ ಸಭೆಗಲ್ಲ, ಮದರಾಸಿನ ವಿಧಾನಸಭೆಗೆ. ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ರಾಜ್ಯದಲ್ಲಿತ್ತು. ಆ ಸಭೆಯ 375 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಸಿಕ್ಕಿದ್ದು 152 ಮಾತ್ರ. ಸ್ವಾತಂತ್ರ್ಯ ತಂದ ಪಕ್ಷಕ್ಕೇ ಬಹುಮತವಿಲ್ಲ! ಕಮ್ಯುನಿಸ್ಟರು 62 ಸ್ಥಾನ ಗೆದ್ದು ಎದುರು ಸಾಲಿನಲ್ಲಿ ಗಟ್ಟಿಯಾಗಿ ಕುಳಿತರು. ಹೀಗೆ ನಮ್ಮ ಭಾಗದ ಮತದಾರರು ಮೊದಲ ಚುನಾವಣೆಯಲ್ಲೇ ಬಲವಾದ ವಿರೋಧ ಪಕ್ಷವನ್ನು ಕಂಡವರು. 1953ರ ಅಕ್ಟೋಬರ್ 1ರಂದು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೂ ಸೇರಿ ಕನ್ನಡದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಕೊಟ್ಟೂರು, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳಾದದ್ದು ಆಮೇಲೆ.

ಮೈಸೂರಿನ ಸಭೆಯ ಚಿತ್ರ ಬೇರೆಯಾಗಿತ್ತು. 1952ರಲ್ಲಿ ಅಲ್ಲಿದ್ದ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿನವರೇ 74. ಸೋಷಲಿಸ್ಟರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲೊಬ್ಬರು ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿ ಗೋಪಾಲಗೌಡರು. ಹಿಂದಿನ ವರ್ಷವಷ್ಟೇ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಿತ್ತು, ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾಗಿದ್ದರು. ಗೋಪಾಲಗೌಡರು ಆ ಹೋರಾಟದ ಧ್ವನಿಯನ್ನು ಸಭೆಯೊಳಗೆ ಒಯ್ದರು. ಉಳುವವನಿಗೆ ಭೂಮಿ ಸಿಗಬೇಕು, ಆಡಳಿತ ಕನ್ನಡದಲ್ಲಿ ನಡೆಯಬೇಕು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬೇಕು ಎಂದು ಅವರು ವಾದಿಸಿದರು. ಅವರು ಮಂತ್ರಿಯಾಗಲಿಲ್ಲ. 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ ತೀರಿಕೊಂಡರು. 1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು. 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ವಿರೋಧ ಪಕ್ಷದ ಬೆಂಚಿನ ಮೇಲೆ ಬಿತ್ತಿದ ಬೀಜ ಆಡಳಿತ ಪಕ್ಷದ ಹೊಲದಲ್ಲಿ ಪೈರಾಯಿತು. ಬಿತ್ತಿದವರು ಮಾತ್ರ ಇರಲಿಲ್ಲ.

ಇನ್ನು ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು. ಆ ಊರಿನಲ್ಲಿ 1902ರ ಡಿಸೆಂಬರ್ 10ರಂದು ಹುಟ್ಟಿದ ಎಸ್. ನಿಜಲಿಂಗಪ್ಪನವರು ಎರಡು ಅವಧಿಗೆ ಮುಖ್ಯಮಂತ್ರಿಯಾಗಿದ್ದರು, ಆಮೇಲೆ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1969ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ರಾಷ್ಟ್ರಪತಿ ಚುನಾವಣೆಯ ಅಭ್ಯರ್ಥಿ ಯಾರಾಗಬೇಕೆಂಬ ವಿಷಯದಲ್ಲಿ ಅವರ ಬಣಕ್ಕೂ ಪ್ರಧಾನಿ ಇಂದಿರಾ ಗಾಂಧಿಯವರಿಗೂ ಒಡಕು ಬಿತ್ತು. ನವೆಂಬರ್ 12ರಂದು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಲಾಯಿತು. ಪಕ್ಷ ಎರಡು ಹೋಳಾಯಿತು. ನಿಜಲಿಂಗಪ್ಪನವರ ಬಣದ ಸಂಸತ್ ಸದಸ್ಯರು ಲೋಕಸಭೆಯಲ್ಲಿ ಎದುರು ಸಾಲಿಗೆ ಹೋಗಿ ಕುಳಿತರು.

ಅಲ್ಲಿಯವರೆಗೆ ಲೋಕಸಭೆಯಲ್ಲಿ ಮಾನ್ಯತೆ ಪಡೆದ ವಿರೋಧ ಪಕ್ಷದ ನಾಯಕರೇ ಇರಲಿಲ್ಲ! ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್‌ರಂಥ ಧೀಮಂತರು 1952ರಿಂದಲೂ ಎದುರು ಸಾಲಿನಲ್ಲಿದ್ದರು, ಆದರೆ ಯಾವ ಪಕ್ಷಕ್ಕೂ ಸಭೆಯ ಹತ್ತನೇ ಒಂದು ಭಾಗದಷ್ಟು ಸದಸ್ಯರಿರಲಿಲ್ಲ. ಮೊದಲ ಸ್ಪೀಕರ್ ಮಾವಳಂಕರರ ಕಾಲದಿಂದ ನಡೆದುಬಂದ ಅಳತೆಗೋಲು ಅದು. 1969ರ ಡಿಸೆಂಬರ್‌ನಲ್ಲಿ ಆ ಗೆರೆ ದಾಟಿದ ಮೊದಲ ಪಕ್ಷ ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್. ಅದರ ರಾಮ್ ಸುಭಗ್ ಸಿಂಗ್ ಲೋಕಸಭೆಯ ಮೊದಲ ಅಧಿಕೃತ ವಿರೋಧ ಪಕ್ಷದ ನಾಯಕರಾದರು. ನಮ್ಮ ಸೀಮೆಯ ಒಬ್ಬರು ಹಿಡಿದ ಹಟ ಭಾರತದ ಸಂಸತ್ತಿಗೆ ಒಂದು ಹೊಸ ಕುರ್ಚಿಯನ್ನು ತಂದಿತು.

ಜನ ಆ ಬಣವನ್ನು ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. 1971ರ ಲೋಕಸಭಾ ಚುನಾವಣೆಯಲ್ಲಿ ಈ ರಾಜ್ಯದ 27 ಸ್ಥಾನಗಳನ್ನೂ ಇಂದಿರಾ ಕಾಂಗ್ರೆಸ್ ಗೆದ್ದಿತು. 1972ರ ವಿಧಾನಸಭೆಯಲ್ಲಿ ಆ ಪಕ್ಷದವರು 165 ಮಂದಿ, ಸಂಸ್ಥಾ ಕಾಂಗ್ರೆಸ್ಸಿನವರು 24. ಆ ಇಪ್ಪತ್ನಾಲ್ಕು ಜನರ ಮುಂದೆ ನಿಂತ ಹೊಳೆನರಸೀಪುರದ ಎಚ್.ಡಿ. ದೇವೇಗೌಡರು ದೇವರಾಜ ಅರಸರಂಥ ಪ್ರಬಲ ಮುಖ್ಯಮಂತ್ರಿಯ ಎದುರು ಪ್ರತಿಪಕ್ಷದ ನಾಯಕರಾದರು. ತುರ್ತುಪರಿಸ್ಥಿತಿಯಲ್ಲಿ ಜೈಲಿಗೂ ಹೋದರು. 1996ರ ಜೂನ್ 1ರಂದು ಅವರು ಪ್ರಧಾನಿಯಾದಾಗ ನಾನು ಹೊಸದಾಗಿ ಮೇಷ್ಟರ ಕೆಲಸ ಹಿಡಿದವನು. ಪ್ರಮಾಣವಚನವನ್ನು ಪಕ್ಕದ ಮನೆಯ ಟೀವಿಯಲ್ಲಿ ನೋಡಿದೆ.

ಬಳ್ಳಾರಿಯ ಆ ಸೆಪ್ಟೆಂಬರ್

1999ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿ ಲೋಕಸಭಾ ಕ್ಷೇತ್ರಕ್ಕೆ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರುಬದುರಾದರು. ದೇಶದ ಪತ್ರಿಕೆಗಳೆಲ್ಲ ನಮ್ಮ ಕೆಂಪು ಧೂಳಿಗೆ ಬಂದಿಳಿದವು. ಸುಷ್ಮಾ ಅವರು ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದರು. ನನಗೆ ಒಂದು ಹಳ್ಳಿಯ ಮತಗಟ್ಟೆಯಲ್ಲಿ ಪೋಲಿಂಗ್ ಆಫೀಸರ್ ಕೆಲಸ. ಬೆರಳಿಗೆ ಶಾಯಿ ಹಚ್ಚುತ್ತ ಕುಳಿತಿದ್ದಾಗ ಒಬ್ಬ ಅಜ್ಜಿ, "ಇಬ್ಬರೂ ಹೆಣ್ಮಕ್ಕಳ ಅದಾರಲ್ಲೋ ತಮ್ಮಾ, ಸೋತಾಕಿ ಗತಿ ಏನು?" ಎಂದು ಕೇಳಿದ್ದಳು. ಮತಗಟ್ಟೆಯಲ್ಲಿ ಅಂಥ ಮಾತು ಆಡಬಾರದೆಂದು ನಾನು ಅಜ್ಜಿಯನ್ನು ಸುಮ್ಮನಾಗಿಸಿದೆ.

ಅಜ್ಜಿಯ ಪ್ರಶ್ನೆಗೆ ಉತ್ತರ ಸಿಗಲು ಹತ್ತು ವರ್ಷ ಬೇಕಾಯಿತು. 56 ಸಾವಿರ ಮತಗಳ ಅಂತರದಿಂದ ಗೆದ್ದ ಸೋನಿಯಾ ಗಾಂಧಿ ಅಮೇಥಿಯಲ್ಲೂ ಗೆದ್ದಿದ್ದರಿಂದ ಬಳ್ಳಾರಿಯನ್ನು ಬಿಟ್ಟುಕೊಟ್ಟರು; 1999ರಿಂದ 2004ರವರೆಗೆ ಲೋಕಸಭೆಯಲ್ಲಿ ವಿರೋಧ ಪಕ್ಷದ ನಾಯಕಿಯಾಗಿದ್ದರು. ಸೋತ ಸುಷ್ಮಾ ಸ್ವರಾಜ್ 2009ರಿಂದ 2014ರವರೆಗೆ ಅದೇ ಕುರ್ಚಿಯಲ್ಲಿ ಕುಳಿತರು. ಬಳ್ಳಾರಿಯ ಕಣದಲ್ಲಿ ಎದುರಾದ ಇಬ್ಬರೂ ದೇಶದ ವಿರೋಧ ಪಕ್ಷದ ನಾಯಕಿಯರಾದರು. ಸೋತಾಕಿಯ ಗತಿ ಏನೆಂದರೆ ಇದು, ಅಜ್ಜೀ, ಎಂದು ಹೇಳಬೇಕೆನಿಸಿತು.

ಮಕ್ಕಳಿಗೆ ಹೇಳಲೇಬೇಕಾದ ಇನ್ನೊಂದು ಹೆಸರು ಕಲಬುರಗಿ ಸೀಮೆಯ ಮಲ್ಲಿಕಾರ್ಜುನ ಖರ್ಗೆಯವರದು. ಅವರು ವಿಧಾನಸಭೆಯಲ್ಲಿ 1996ರಿಂದ 1999ರವರೆಗೆ, ಮತ್ತೆ 2008ರಿಂದ 2009ರವರೆಗೆ ಪ್ರತಿಪಕ್ಷದ ನಾಯಕರಾಗಿದ್ದರು. 2014ರಲ್ಲಿ ಲೋಕಸಭೆಯಲ್ಲಿ ಕಾಂಗ್ರೆಸ್ ಗುಂಪಿನ ನಾಯಕರಾದರು. ಆದರೆ ಪಕ್ಷ ಗೆದ್ದದ್ದು 44. ಸಭೆಯ ಒಟ್ಟು 543ರಲ್ಲಿ ಹತ್ತನೇ ಒಂದು ಭಾಗವೆಂದರೆ 55. ಲೆಕ್ಕದ ಮೇಷ್ಟರು ಕೊಡುವಂತೆ ಉತ್ತರ ನೇರವಾಗಿತ್ತು: ಮಾನ್ಯತೆ ಇಲ್ಲ. ಲೋಕಪಾಲರನ್ನು ಆರಿಸುವ ಸಮಿತಿಯಲ್ಲಿ ವಿರೋಧ ಪಕ್ಷದ ನಾಯಕರಿರಬೇಕೆಂದು 2013ರ ಕಾಯಿದೆ ಹೇಳುತ್ತದೆ. ಖರ್ಗೆಯವರನ್ನು 'ವಿಶೇಷ ಆಹ್ವಾನಿತ'ರೆಂದು ಕರೆದಾಗ, ಅಭಿಪ್ರಾಯ ದಾಖಲಿಸುವ ಹಕ್ಕಿಲ್ಲದೆ ಬರಲಾರೆನೆಂದು ಅವರು ಸಭೆಗೆ ಹೋಗಲಿಲ್ಲ. 2019ರಲ್ಲೂ 52 ಸ್ಥಾನ ಪಡೆದ ಕಾಂಗ್ರೆಸ್ ಗೆರೆಯ ಹೊರಗೇ ಉಳಿಯಿತು. ಹತ್ತು ವರ್ಷ ಖಾಲಿಯಿದ್ದ ಆ ಕುರ್ಚಿಗೆ 2024ರ ಜೂನ್‌ನಲ್ಲಿ ರಾಹುಲ್ ಗಾಂಧಿ ಬಂದರು. ಖರ್ಗೆಯವರು ಅಷ್ಟರಲ್ಲಿ, 2021ರಲ್ಲಿ, ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾಗಿದ್ದರು.

ನಮ್ಮ ರಾಜ್ಯದಲ್ಲಿ ಈ ಕುರ್ಚಿ ಎಲ್ಲ ಪಕ್ಷಗಳನ್ನೂ ಕಂಡಿದೆ. ಬಿ.ಎಸ್. ಯಡಿಯೂರಪ್ಪ, ಜಗದೀಶ ಶೆಟ್ಟರ್, ಸಿದ್ದರಾಮಯ್ಯ, ಎಚ್.ಡಿ. ಕುಮಾರಸ್ವಾಮಿ ಎಲ್ಲರೂ ಮುಖ್ಯಮಂತ್ರಿಯ ಕುರ್ಚಿಯಲ್ಲೂ ಅದರ ಎದುರಿನ ಕುರ್ಚಿಯಲ್ಲೂ ಕುಳಿತವರು. 2023ರ ಮೇ ಚುನಾವಣೆಯ ನಂತರ ಆರು ತಿಂಗಳು ಅದು ಖಾಲಿಯಿತ್ತು, ನವೆಂಬರ್‌ನಲ್ಲಿ ಆರ್. ಅಶೋಕ ಬಂದರು. ಇಂದು ಈ ಕಡೆ ಕುಳಿತವರು ನಾಳೆ ಆ ಕಡೆ ಕೂರಬೇಕಾದೀತು ಎಂಬ ಅರಿವಿದ್ದರೆ ಇಬ್ಬರ ನಾಲಿಗೆಯೂ ಹಿಡಿತದಲ್ಲಿರುತ್ತದೆ. ಆ ಅರಿವು ಮರೆತ ದಿನ ಟೀವಿಯಲ್ಲಿ ಏನು ಕಾಣುತ್ತೇವೆಂಬುದು ನಿಮಗೂ ಗೊತ್ತು. ಕಾಗದ ಹರಿದು ಎಸೆಯುವುದು, ಸದನದ ಬಾವಿಗಿಳಿದು ದಿನವಿಡೀ ಕೂಗುವುದು, ಪ್ರಶ್ನೋತ್ತರದ ವೇಳೆಯೇ ತೊಳೆದುಹೋಗುವುದು. ಇದು ಬ್ರೇಕು ಹಿಡಿಯುವ ಘರ್ಷಣೆಯಲ್ಲ, ಬರಿದೇ ಬಿಸಿಯೇರಿಸುವ ಘರ್ಷಣೆ.

ಆ ಕುರ್ಚಿಯ ಕೆಲಸ

ನಮ್ಮ ಸಂವಿಧಾನದಲ್ಲಿ ವಿರೋಧ ಪಕ್ಷದ ನಾಯಕರೆಂಬ ಹುದ್ದೆಯ ಪ್ರಸ್ತಾಪವಿಲ್ಲ. ಸಂಸತ್ತಿನಲ್ಲಿ ಅದಕ್ಕೆ ಕಾಯಿದೆಯ ಬಲ ಬಂದದ್ದು 1977ರಲ್ಲಿ, ಸಂಬಳ ಮತ್ತು ಭತ್ಯೆಗಳ ಕಾಯಿದೆಯ ಮೂಲಕ. ತುರ್ತುಪರಿಸ್ಥಿತಿ ಕಳೆದ ವರ್ಷವೇ ಈ ಕಾಯಿದೆ ಬಂದಿತೆಂಬುದನ್ನು ಗಮನಿಸಿ. ಎದುರು ಮಾತಿಲ್ಲದ ಕಾಲ ಹೇಗಿರುತ್ತದೆಂದು ದೇಶ ಆಗಷ್ಟೇ ಕಂಡಿತ್ತು.

ಕೆಲಸಗಳ ಪಟ್ಟಿ ದೊಡ್ಡದು. ಸದನದಲ್ಲಿ ಮಂತ್ರಿಗಳನ್ನು ಪ್ರಶ್ನಿಸುವುದು, ಆಯವ್ಯಯದ ಲೆಕ್ಕ ಕೆದಕುವುದು, ಅವಿಶ್ವಾಸ ಸೂಚನೆ ತರುವುದು ನಮಗೆ ಕಾಣುವ ಕೆಲಸ. ಕಾಣದ ಕೆಲಸ ಇನ್ನೂ ಇದೆ. ಸರ್ಕಾರ ಖರ್ಚು ಮಾಡಿದ ಹಣವನ್ನು ಪರಿಶೀಲಿಸುವ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರಾಗುವ ಸಂಪ್ರದಾಯವಿದೆ. ಕರ್ನಾಟಕದಲ್ಲಿ ಲೋಕಾಯುಕ್ತರ ನೇಮಕಕ್ಕೆ ಮುಖ್ಯಮಂತ್ರಿಗಳು ಉಭಯ ಸದನಗಳ ವಿರೋಧ ಪಕ್ಷದ ನಾಯಕರ ಜೊತೆಗೂ ಸಮಾಲೋಚಿಸಬೇಕೆಂದು 1984ರ ಕಾಯಿದೆ ಹೇಳುತ್ತದೆ. ಕೂಗಾಟ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಕಡತ ಓದಿ ಕೇಳಿದ ಒಂದು ಸರಿಯಾದ ಪ್ರಶ್ನೆ ಒಳಪುಟದ ಮೂಲೆಗೆ ಹೋಗುತ್ತದೆ. ನಮ್ಮ ಹಡಗಲಿಯ ಎಂ.ಪಿ. ಪ್ರಕಾಶ್ ಅವರು ಮಂತ್ರಿಯಾಗಿ, ಉಪಮುಖ್ಯಮಂತ್ರಿಯಾಗಿ ಆಡಳಿತದ ಕಡೆ ಕುಳಿತವರು. ನಾಟಕ, ಸಾಹಿತ್ಯ ಬಲ್ಲ ಅವರು ದನಿ ಏರಿಸದೆಯೂ ಸಭೆಯನ್ನು ಹಿಡಿದಿಡುತ್ತಿದ್ದರೆಂದು ನಮ್ಮ ಕಡೆ ಹಿರಿಯರು ಇಂದಿಗೂ ನೆನೆಯುತ್ತಾರೆ. ಓದಿಕೊಂಡವರ ಮಾತಿಗೆ ಮೈಕು ಕಡಿಮೆ ಸಾಕು.

ನಾನು ಕೂಗಿದ 'ಸದ್ದಲೇ'

ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆಯ ಜಾತ್ರೆಗೆ ಹೋದವರಿಗೆ ಗೊತ್ತು. ಡೆಂಕನಮರಡಿಯಲ್ಲಿ ಗೊರವಯ್ಯನವರು ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗುತ್ತಾರೆ. ಲಕ್ಷಗಟ್ಟಲೆ ಜನ ಒಂದೇ ಸಲಕ್ಕೆ ಮೌನವಾಗುತ್ತಾರೆ. ಆಮೇಲೆ ಒಂದೇ ಸಾಲಿನ ಕಾರಣಿಕ. ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಜನ ಅದರಲ್ಲಿ ಕಾಣುತ್ತಾರೆ. ಅದಕ್ಕೆ ಎದುರು ಪ್ರಶ್ನೆ ಇಲ್ಲ, ಇರಬೇಕಾಗಿಯೂ ಇಲ್ಲ. ಅದು ದೇವರ ಮಾತೆಂಬ ನಂಬಿಕೆ. ಮನುಷ್ಯರು ನಡೆಸುವ ಸಭೆಯಲ್ಲಿ ಮಾತ್ರ 'ಸದ್ದಲೇ' ಎನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅದನ್ನು ನಾನೇ ಕೂಗಿದೆ.

ಶಾಲಾ ಸಂಸತ್ತಿನ ಮೊದಲ ಅಧಿವೇಶನ ಆಗಸ್ಟ್‌ನಲ್ಲಿ ನಡೆಯಿತು. ಸಭಾಧ್ಯಕ್ಷ ನಾನೇ. ಮುಂದಿನ ಸಾಲಿನಲ್ಲಿ ಶಾಲಾಭಿವೃದ್ಧಿ ಸಮಿತಿಯವರು, ತಾಲ್ಲೂಕಿನಿಂದ ಬಂದ ಅತಿಥಿಗಳು. ಪ್ರಧಾನಮಂತ್ರಿ ಸಾಧನೆಗಳನ್ನು ಓದಿದ, ಚಪ್ಪಾಳೆ ಬಿತ್ತು. ಆ ಹುಡುಗಿ ಎದ್ದು ನಿಂತಳು. ಕೈಯಲ್ಲೊಂದು ಚೀಟಿ.

"ಆರೋಗ್ಯ ಮಂತ್ರಿಗಳಿಗೆ ನನ್ನ ಪ್ರಶ್ನೆ. ನಮ್ಮ ಶಾಲೆಯ ಟ್ಯಾಂಕಿನ ನೀರನ್ನು ಯಾವಾಗ ಪರೀಕ್ಷೆ ಮಾಡಿಸಿದ್ದೀರಿ? ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳೂ ಇದನ್ನೇ ಕುಡಿಯುತ್ತಾರೆ. ನನ್ನ ತಮ್ಮನ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ಅವನೊಬ್ಬನದೇ ಅಲ್ಲ, ನಾನು ಎಣಿಸಿದ್ದೇನೆ..."

ಆರೋಗ್ಯ ಮಂತ್ರಿ ನನ್ನ ಮುಖ ನೋಡಿದ. ಯಾಕೆಂದರೆ ಆ ನೀರು ಒಳ್ಳೆಯದೆಂದು ಅವರಿಗೆ ಹೇಳಿದವನು ನಾನು. ತಿಳಿಯಾಗಿದೆ, ವಾಸನೆಯಿಲ್ಲ, ಬಣ್ಣವಿಲ್ಲ ಎಂದು ಗಾಜಿನ ಲೋಟ ಹಿಡಿದು ತೋರಿಸಿದ್ದೆ. ಅತಿಥಿಗಳು ತಿರುಗಿ ನೋಡಿದರು. ನನ್ನ ಕಿವಿ ಬಿಸಿಯಾಯಿತು. "ಅದು ಇಲ್ಲಿ ಚರ್ಚಿಸುವ ವಿಷಯವಲ್ಲ, ಕುಳಿತುಕೋ" ಎಂದೆ. ಅವಳು ಎಷ್ಟು ಮಕ್ಕಳೆಂದು ಹೇಳಲೇ ಇಲ್ಲ. ಚೀಟಿ ಮಡಿಸಿ ಕುಳಿತಳು.

ಎರಡನೆಯ ಅಧಿವೇಶನದಲ್ಲಿ ಅವಳು ಏಳಲಿಲ್ಲ. ತರಗತಿಯಲ್ಲೂ, ಮೊದಲು ಎಲ್ಲದಕ್ಕೂ ಕೈಯೆತ್ತುತ್ತಿದ್ದವಳು, ಕೈಯೆತ್ತುವುದನ್ನು ಬಿಟ್ಟಳು. ಒಂದು ದಿನ ಎಂಟನೆಯವರಿಗೆ ಘರ್ಷಣೆಯ ಪಾಠ ಮಾಡುತ್ತ, ವಿರೋಧಿಸುವ ಬಲವಿಲ್ಲದೆ ನಡಿಗೆಯೇ ಇಲ್ಲವೆಂದು ಎಂದಿನಂತೆ ಹೇಳಿದೆ. ಹೇಳಿದ ಮಾತು ನನ್ನ ಗಂಟಲಲ್ಲೇ ಸಿಕ್ಕಿಕೊಂಡಿತು. ಆ ತಂದೆಗೆ ಚಹಾ ಕೊಟ್ಟು ಮಾಡಿದ ಉಪನ್ಯಾಸ ನೆನಪಾಯಿತು. 'ಎದುರು ಮಾತಾಡಬ್ಯಾಡ' ಎಂದು ಅವರು ಮನೆಯಲ್ಲಿ ಕಲಿಸಿದ್ದನ್ನು ನಾನು ಶಾಲೆಯಲ್ಲಿ ಮುದ್ರೆ ಒತ್ತಿ ಖಚಿತಪಡಿಸಿದ್ದೆ.

ಮರುದಿನ ಟ್ಯಾಂಕಿನ ನೀರನ್ನು ಬಾಟಲಿಗೆ ತುಂಬಿ ನೀರು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಕೊಟ್ಟು ಬಂದೆ. ಫ್ಲೋರೈಡಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ನಮ್ಮ ಭಾಗದ ಗಟ್ಟಿ ಬಂಡೆಯ ನೆಲದಲ್ಲಿ ಬೋರ್‌ವೆಲ್ ಆಳಕ್ಕಿಳಿದಷ್ಟೂ ಬಂಡೆಯೊಳಗಿನ ಫ್ಲೋರೈಡ್ ನೀರಿಗೆ ಬರುವ ಸಂಭವ ಹೆಚ್ಚು. ಕುದಿಸಿದರೂ ಹೋಗುವುದಿಲ್ಲ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲವೆಂದರೆ ಒಂದೂವರೆ ಮಿಲಿಗ್ರಾಂವರೆಗೆ ಎಂಬುದು ಭಾರತೀಯ ಮಾನಕ. ಹೆಚ್ಚಾದರೆ, ಹಲ್ಲು ಮೂಡುವ ವಯಸ್ಸಿನಲ್ಲಿ, ಅಂದರೆ ಎಂಟು ವರ್ಷದೊಳಗಿನ ಮಕ್ಕಳಲ್ಲಿ, ಅದು ಹಲ್ಲಿನ ಮೇಲೆ ಶಾಶ್ವತ ಕಲೆಯಾಗುತ್ತದೆ. ವರ್ಷಗಟ್ಟಲೆ ಕುಡಿದರೆ ಮೂಳೆಗೂ ಕೇಡು. ಇದೆಲ್ಲ ಬಿ.ಎಸ್ಸಿ. ಓದಿದ ನನಗೆ ಗೊತ್ತಿತ್ತು. ಗೊತ್ತಿದ್ದವನು ಲೋಟ ಹಿಡಿದು ತೋರಿಸಿದ್ದೆ. ಗೊತ್ತಿಲ್ಲದವಳು ಹಲ್ಲು ಎಣಿಸಿದ್ದಳು. ವಿಜ್ಞಾನ ಮಾಡಿದ್ದು ಯಾರು?

ವರದಿ ಬಂತು. ಫ್ಲೋರೈಡ್ ಮಿತಿಯನ್ನು ಮೀರಿತ್ತು.

ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲ ಮಕ್ಕಳ ಮುಂದೆ ವರದಿ ಓದಿದೆ. ವಿರೋಧ ಪಕ್ಷದ ನಾಯಕಿ ಕೇಳಿದ ಪ್ರಶ್ನೆ ಸರಿಯಾಗಿತ್ತು, ಅವಳನ್ನು ಕೂರಿಸಿದ್ದು ನನ್ನ ತಪ್ಪು ಎಂದೆ. ಮೂವತ್ತು ವರ್ಷಗಳ ಮೇಷ್ಟರ ಕೆಲಸದಲ್ಲಿ ಅಷ್ಟು ಕಷ್ಟದ ಮಾತು ನಾನು ಆಡಿದ್ದಿಲ್ಲ. ಅವಳು ತಲೆ ತಗ್ಗಿಸಿ ನಿಂತಿದ್ದಳು. ಪ್ರಧಾನಮಂತ್ರಿಯೂ ಅವಳೂ ಸೇರಿ ಸಹಿ ಮಾಡಿದ ಅರ್ಜಿ ಗ್ರಾಮ ಪಂಚಾಯಿತಿಗೆ ಹೋಯಿತು. ಶುದ್ಧ ನೀರಿನ ಘಟಕದಿಂದ ಕ್ಯಾನುಗಳು ಬರಲು ಐದು ತಿಂಗಳು ಹಿಡಿಯಿತು. ನಡುವೆ ಎರಡು ಸಲ ನಿಂತೂ ಹೋದವು. ಪ್ರತಿ ಸಲ ಅವಳು ಎದ್ದು ಕೇಳಿದಳು. ಅವಳ ತಮ್ಮನ ಹಲ್ಲಿನ ಗೆರೆಗಳು ಹೋಗಲಿಲ್ಲ, ಅವು ಹೋಗುವಂಥವಲ್ಲ. ಅವನ ಹಿಂದೆ ಬಂದ ಮಕ್ಕಳು ಶಾಲೆಯಲ್ಲಾದರೂ ಒಳ್ಳೆಯ ನೀರು ಕುಡಿದರು.

ಮನೆಯ ಸಭೆ

ತಂದೆ-ತಾಯಂದಿರಿಗೆ ಒಂದು ಮಾತು. ಊಟದ ಹೊತ್ತಿನಲ್ಲಿ ಮಗುವೊಂದು 'ಯಾಕೆ?' ಎಂದು ಕೇಳಿದರೆ ನಮಗೆ ಅದು ಎದುರು ಮಾತಾಗಿ ಕೇಳಿಸುತ್ತದೆ. ಒರಟುತನವನ್ನು ತಿದ್ದೋಣ, ತಿದ್ದಲೇಬೇಕು. ಪ್ರಶ್ನೆಯನ್ನು ಮಾತ್ರ ಕೂರಿಸುವುದು ಬೇಡ. ಕೂತ ಪ್ರಶ್ನೆ ಮತ್ತೆ ಏಳಲು ಬಹಳ ಕಾಲ ಬೇಕಾಗುತ್ತದೆ. ಕೆಲವು ಏಳುವುದೇ ಇಲ್ಲ. ವಿದ್ಯಾರ್ಥಿಗಳಿಗೂ ಒಂದು ಮಾತು. ಅವಳು ಕೂಗಲಿಲ್ಲ, ಎಣಿಸಿಕೊಂಡು ಬಂದಿದ್ದಳು. ಎದುರು ಸಾಲಿನಲ್ಲಿ ಕೂರುವವರು ಇದನ್ನು ನೆನಪಿಡಬೇಕು.

ಆ ಹುಡುಗಿ ಈಗ ಬಿ.ಎಸ್ಸಿ. ಮುಗಿಸಿ ಬಿ.ಎಡ್. ಓದುತ್ತಿದ್ದಾಳೆ. ಹೋದ ಬೇಸಿಗೆಯಲ್ಲಿ ಕೊಟ್ಟೂರು ಬಸ್ ನಿಲ್ದಾಣದಲ್ಲಿ ಅವಳ ತಂದೆ ಸಿಕ್ಕಿದರು. ಹೆಗಲ ಮೇಲೆ ಅದೇ ಟವೆಲ್ಲು. ಈ ಸಲ ಚಹಾ ಅವರೇ ಕೊಡಿಸಿದರು.

"ಎರಡು ಬೋರು ಕೊರಸಿ ಎರಡೂ ಒಣಗಿದ್ವು ಸಾರ್. ಸಾಲ ಮಾಡಿ ಮೂರನೇದು ಕೊರಸಾಕ ಹೊಂಟಿದ್ದೆ. ಮಗಳು ಪೆನ್ನು ಹಿಡಕಂಡು ಎದುರು ಕುಂತಳು. ಮೊದಲಿನ ಎರಡರ ಲೆಕ್ಕ ಹೇಳಪ್ಪ ಅಂದಳು. ಬಡ್ಡಿ ಎಷ್ಟು, ನೀರು ಬೀಳ್ತೈತಿ ಅಂತ ಹೇಳಿದವರು ಯಾರು, ಬೀಳದಿದ್ರ ಹೊಲ ಯಾರದು ಆಗ್ತೈತಿ ಅಂತ ಒಂದೊಂದ ಕೇಳಿದಳು. ನನಗ ಸಿಟ್ಟು ಬಂತು ಸಾರ್. ಸುಮ್ನ ಕುಂದ್ರು ಅಂತ ಬಾಯಿತನಕ ಬಂತು."

"ಆಮೇಲೆ?" ಎಂದೆ.

"ಆಮ್ಯಾಲ ಏನೈತಿ. ಲೆಕ್ಕ ಹೇಳಿದೆ. ಹೇಳ್ತಾ ಹೇಳ್ತಾ ನನಗ ಗೊತ್ತಾತು. ಬೋರು ಬ್ಯಾಡಂತ ಬಿಟ್ಟೆ."

ಬಸ್ಸು ಬಂತು. ಅವರು ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತಿ, ತಿರುಗಿ ನಕ್ಕರು. "ಆವತ್ತು ನೀವು ಹಚ್ಚಿದ ಹೆಸರು ಸಾರ್ ಅದು. ಇನ್ನೂ ಬಿಟ್ಟಿಲ್ಲ ಅಕಿ."